ಬಳೆಚೂರಿನ ತಟ್ಟೆ

ಊರು ಯಾವುದು ಅಂತ ಕೇಳಬೇಡಿ. ಹೆಸರು ಹೇಳಿದರೆ ನಿಮ್ಮಲ್ಲಿ ಯಾರಿಗಾದರೂ ಅಲ್ಲಿ ನೆಂಟರಿರ್ತಾರೆ, ಪ್ರವಚನ ಮುಗಿದ ಮೇಲೆ ನನಗೆ ಪಂಚಾಯ್ತಿ ತಪ್ಪಲ್ಲ. ಯಾವುದೋ ಒಂದೂರು ಅಂತಿಟ್ಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಎಣ್ಣೆ ಗಿರಣಿ ಇತ್ತು, ಎರಡಂತಸ್ತಿನ ಮನೆ ಇತ್ತು, ಬಾಗಿಲಲ್ಲಿ ಕಾರಿತ್ತು. ಇಲ್ಲದೇ ಇದ್ದದ್ದು ಒಂದೇ. ಏನದು? ತಾಳ್ಮೆ.

ಎಂಥಾ ಅವಸರದ ಮನುಷ್ಯ ಅಂದ್ರೆ ನೋಡಿ, ಮದುವೆ ಊಟದಲ್ಲಿ ಪಾಯಸ ಬರೋ ಹೊತ್ತಿಗೆ ಕೈ ತೊಳೆದು ನಿಂತಿರ್ತಿದ್ದ. ಬಸ್ಸು ನಿಲ್ಲೋ ಮೊದಲೇ ಎದ್ದು ಬಾಗಿಲಿಗೆ ಹೋಗ್ತಿದ್ದ. ನಗಬೇಡಿ, ಅಂಥವರು ಇಲ್ಲೂ ಇದ್ದೀರಿ. ಮಂಗಳಾರತಿ ಶುರುವಾಗೋ ಮುಂಚೆ ಚಪ್ಪಲಿ ಹುಡುಕೋಕೆ ಹೋಗೋರನ್ನ ನಾನು ಈ ಗದ್ದುಗೆ ಮೇಲಿಂದ ನೋಡ್ತಾನೇ ಇರ್ತೀನಿ.

ಆ ಸಾಹುಕಾರನ ಹೆಂಡತಿ ತೀರಿಕೊಂಡಳು. ಒಳ್ಳೆ ಹೆಂಗಸು. ಒಬ್ಬಳೇ ಮಗಳು, ಕಾಲೇಜಿಗೆ ಹೋಗೋ ವಯಸ್ಸು. ತಾಯಿಯ ಹೆಣ ಅಂಗಳದಲ್ಲಿ ಮಲಗಿಸಿರುವಾಗ ಆ ಹುಡುಗಿ ಬಿಕ್ಕಿದಳು. ಅಪ್ಪ ಏನಂದ? 'ಅಳಬೇಡ ಮಗಾ, ಧೈರ್ಯ ತಂದ್ಕೋ, ಬಂದವರು ನೋಡ್ತಾರೆ' ಅಂದ. ಅವಳು ನಿಲ್ಲಿಸಿಬಿಟ್ಟಳು. ಅಷ್ಟೇ, ಆಮೇಲೆ ಅಳಲೇ ಇಲ್ಲ. ಮಾತೂ ಕಡಿಮೆ, ಊಟವೂ ಕಡಿಮೆ.

ಸಾಹುಕಾರ ಕೆಟ್ಟವನಲ್ಲ, ತಿಳ್ಕೊಳ್ಳಿ. ದುಃಖ ಅಂದ್ರೆ ಅವನಿಗೆ ಹೆದರಿಕೆ. ತಿಥಿ ಮುಗೀತು, ಹೆಂಡತಿಯ ಸೀರೆಗಳನ್ನ ಹಂಚಿಬಿಟ್ಟ. ಮಂಚ ಬದಲಾಯಿಸಿದ. ಗೋಡೆಗೆ ಹೊಸ ಬಣ್ಣ ಹೊಡೆಸಿದ. ದಿನಾ ಬೆಳಿಗ್ಗೆ ಮಗಳ ಮುಖ ನೋಡೋದು, 'ಈಗ ಹೇಗಿದೆ? ಸ್ವಲ್ಪ ಸಮಾಧಾನ ಆಯ್ತಾ?' ಅಂತ ಕೇಳೋದು. ಮಧ್ಯಾಹ್ನ ಫೋನ್ ಮಾಡಿ ಕೇಳೋದು. ರಾತ್ರಿ ಊಟಕ್ಕೆ ಕೂತಾಗ ಮತ್ತೆ ಅದೇ. ಪ್ರೀತಿಯಿಂದಲೇ ಕೇಳ್ತಿದ್ದ ರೀ, ಆದರೆ ಆ ಹುಡುಗಿಗೆ ಅದು ಸಾಲ ಕೊಟ್ಟವನು ಬಾಗಿಲು ಬಡಿದ ಹಾಗೆ.

ಅವಳ ಹತ್ತಿರ ತಾಯಿಯದು ಅಂತ ಉಳಿದದ್ದು ಒಂದು ಉಪ್ಪಿನಕಾಯಿ ಜಾಡಿ. ಒಳಗೆ ಉಪ್ಪಿನಕಾಯಿ ಅಲ್ಲ, ಬಳೆಚೂರು. ಆ ತಾಯಿ ಮದುವೆಯಾಗಿ ಬಂದ ದಿನದಿಂದ ಒಡೆದ ಒಂದು ಬಳೆಯನ್ನೂ ಬಿಸಾಡಿರಲಿಲ್ಲ. ಒಡೀತು ಅಂತಲೂ ಅನ್ನುತ್ತಿರಲಿಲ್ಲ ಬಿಡಿ. ಹಿಂದಿನ ಹೆಂಗಸರು ಏನಂತಿದ್ರು? ಬಳೆ ಹೆಚ್ಚಿತು ಅಂತಿದ್ರು. ಹೆಚ್ಚಿದ್ದನ್ನೆಲ್ಲ ಆರಿಸಿ ಜಾಡಿಗೆ ಹಾಕ್ತಿದ್ದಳು.

ಇಲ್ಲಿ ಕೂತಿರೋ ತಾಯಂದಿರೇ, ಒಂದು ಕೇಳ್ತೀನಿ. ಚಿಕ್ಕವರಿದ್ದಾಗ ಬಳೆಚೂರನ್ನ ದೀಪಕ್ಕೆ ಹಿಡಿದು ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡಿದವರು ಎಷ್ಟು ಜನ? ಕೈ ಎತ್ತಿ. ನೋಡಿ, ನೋಡಿ, ರುದ್ರಾಣಮ್ಮನವರ ಕೈ ಎಲ್ಲರಿಗಿಂತ ಮೇಲಿದೆ! ನಮ್ಮಕ್ಕ ಮಾಡ್ತಿದ್ದಳು. ಮಳೆಗಾಲದ ಸಂಜೆ, ಕರೆಂಟು ಇರ್ತಿರಲಿಲ್ಲ, ಬುಡ್ಡಿದೀಪದ ಸುತ್ತ ನಾಲ್ಕು ಹುಡುಗೀರು. ಚೂರಿನ ತುದಿ ಕೆಂಪಗಾಗೋದು, ಮೆಲ್ಲಗೆ ಬಾಗೋದು, ಇನ್ನೊಂದು ತುದಿಯನ್ನ ಹೋಗಿ ಮುಟ್ಟೋದು. ಉಸಿರು ಬಿಗಿಹಿಡಿದು ನೋಡ್ತಿದ್ವಿ. ಬಾಗಿಲಿಗೆ ತೋರಣದ ಹಾಗೆ ಆ ಸರ ತೂಗು ಹಾಕಿದ್ರೆ ಗಾಳಿಗೆ ಕಿಣಿಕಿಣಿ ಅನ್ನೋದು. ಈಗ ಆ ಮನೆಯೂ ಇಲ್ಲ, ಅಕ್ಕನೂ ಇಲ್ಲ. ಆ ಸದ್ದು ಮಾತ್ರ ಕಿವಿಯಲ್ಲಿ ಹಾಗೇ ಇದೆ. ಇರಲಿ, ಕಥೆಗೆ ಬರೋಣ.

ಪಕ್ಕದ ಊರಲ್ಲಿ ಒಬ್ಬ ಹೆಂಗಸು. ಸ್ಕೂಲಲ್ಲಿ ಡ್ರಾಯಿಂಗ್ ಟೀಚರಾಗಿದ್ದವಳು, ಈಗ ಮನೆ ಹಿಂದಿನ ಶೆಡ್ಡಿನಲ್ಲಿ ಕರೆಂಟಿನ ಭಟ್ಟಿ ಇಟ್ಕೊಂಡು ಗಾಜು ಕರಗಿಸಿ ತಟ್ಟೆ, ಬಟ್ಟಲು, ಕಿಟಕಿಯ ಚಿತ್ರ ಮಾಡ್ತಿದ್ದಳು. ಜನ ಅವಳನ್ನ ಗಾಜಿನಮ್ಮ ಅಂತಿದ್ರು. ಸಾಹುಕಾರನಿಗೆ ಯಾರೋ ಹೇಳಿದರು. ಮಗಳನ್ನೂ ಜಾಡಿಯನ್ನೂ ಕಾರಲ್ಲಿ ಕೂರಿಸಿಕೊಂಡು ಹೋಗಿಯೇಬಿಟ್ಟ. 'ಇದನ್ನ ಒಂದು ತಟ್ಟೆ ಮಾಡಿಕೊಡಮ್ಮ. ಸಾಯಂಕಾಲ ಬರಲಾ?'

ಗಾಜಿನಮ್ಮ ನಕ್ಕಳು. 'ಸಾಯಂಕಾಲಕ್ಕೆ ಇಡ್ಲಿ ಆಗುತ್ತೆ ಸಾಹುಕಾರ್ರೇ, ಗಾಜಾಗಲ್ಲ. ಮೊದಲು ಯಾವ ಬಳೆ ಯಾವ ಬಳೆ ಜೊತೆ ಹೊಂದುತ್ತೆ ಅಂತ ನೋಡಬೇಕು.'

'ಗಾಜು ಗಾಜೇ ಅಲ್ವಾ? ಅದರಲ್ಲೇನು ಹೊಂದೋದು?'

'ಕಾದಾಗ ಎಲ್ಲಾ ಗಾಜೂ ಹಿಗ್ಗುತ್ತೆ, ಆರುವಾಗ ಕುಗ್ಗುತ್ತೆ. ಒಂದು ಜಾಸ್ತಿ ಕುಗ್ಗುತ್ತೆ, ಒಂದು ಕಮ್ಮಿ. ಹೊಂದದೇ ಇರೋದನ್ನ ಜೊತೆಗೆ ಹಾಕಿದ್ರೆ ಕರಗುವಾಗ ಚೆನ್ನಾಗೇ ಅಂಟ್ಕೊಳ್ತವೆ, ಆಮೇಲೆ ಒಂದನ್ನೊಂದು ಎಳೆದಾಡಿ ಸೀಳಿಬಿಡ್ತವೆ.'

ಹಾಗಾಗಿ ಅವಳು ಒಂದೊಂದು ಬಗೆಯ ಬಳೆಯಿಂದ ಚೂರು ತೆಗೆದು, ಜೋಡಿ ಜೋಡಿ ಸುಟ್ಟು, ಬಿರುಕು ಬಿಡದೇ ಇರೋದನ್ನ ಮಾತ್ರ ಆರಿಸಿಟ್ಟಳು. ಚಿನ್ನದ ನೀರು ಹಚ್ಚಿದ್ದನ್ನ ಬೇರೆ ಇಟ್ಟಳು, ಅದು ಬೆಂಕಿಗೆ ಕಪ್ಪಾಗುತ್ತಂತೆ. ಭಟ್ಟಿಯೊಳಗಿನ ಹಲಗೆಗೆ ಸುಣ್ಣದ ಹಾಗಿರೋ ಬಿಳೀ ಲೇಪ ಬಳಿದಳು, ಇಲ್ಲದಿದ್ರೆ ಗಾಜು ಹಲಗೆಗೇ ಕಚ್ಚಿಕೊಳ್ಳುತ್ತೆ. ಕೆಲವು ದಿನ ಆದಮೇಲೆ ಅಪ್ಪ-ಮಗಳನ್ನ ಕರೆಸಿ, ಹುಡುಗಿಗೆ 'ಬಾರಮ್ಮ, ಚೂರುಗಳನ್ನ ನೀನೇ ತೊಳಿ, ನೀನೇ ಜೋಡಿಸು' ಅಂದಳು.

ನೋಡಿ ಇಲ್ಲಿ. ಆ ಹುಡುಗಿ ಚೂರು ತೊಳೆಯುತ್ತಾ ತೊಳೆಯುತ್ತಾ ಮಾತಾಡೋಕೆ ಶುರು ಮಾಡಿದಳು. 'ಈ ಹಸಿರು ಸೀಮಂತದ್ದಂತೆ, ನಾನು ಹೊಟ್ಟೇಲಿದ್ದಾಗ ಹಾಕ್ಕೊಂಡಿದ್ದು. ಈ ಕೆಂಪು ಗೌರಿ ಹಬ್ಬಕ್ಕೆ ತವರಿಂದ ಬಂದಿದ್ದು. ಈ ಕಪ್ಪು ಪುಟ್ಟದು ನಂದು, ನಾನು ಕೂಸಾಗಿದ್ದಾಗಿಂದು.' ರೊಟ್ಟಿ ತಟ್ಟುವಾಗ ಅಮ್ಮನ ಕೈ ಹೇಗೆ ಸದ್ದು ಮಾಡ್ತಿತ್ತು, ಮಲಗಿದ್ದಲ್ಲೇ ಆ ಸದ್ದು ಕೇಳಿ ಬೆಳಗಾಯ್ತು ಅಂತ ಹೇಗೆ ಗೊತ್ತಾಗ್ತಿತ್ತು, ಎಲ್ಲಾ ಹೇಳಿದಳು. ಒಂದು ನೀಲಿ ಚೂರು ಎತ್ತಿ, 'ಅಪ್ಪ, ಇದು ಯಾವಾಗಿಂದು?' ಅಂದಳು.

'ನನಗೇನ್ ಗೊತ್ತು ಬಳೆ ವಿಷಯ' ಅಂದ ಸಾಹುಕಾರ. ಅಂದವನು ಅದನ್ನ ಕೈಗೆ ತಗೊಂಡ. ತಿರುಗಿಸಿ ತಿರುಗಿಸಿ ನೋಡಿದ. 'ಇದು ನಾನೇ ತಂದಿದ್ದು. ಗಿರಣಿ ಇರಲಿಲ್ಲ ಆಗ, ಸೈಕಲ್ ಮೇಲೆ ಎಣ್ಣೆ ಮಾರ್ತಿದ್ದೆ. ಸಂತೇಲಿ ತಂದೆ. ಅಳತೆ ಗೊತ್ತಿಲ್ಲ ನೋಡು, ಚಿಕ್ಕದಾಗಿಬಿಡ್ತು. ನಿಮ್ಮಮ್ಮ ಬದಲಾಯಿಸೋಕೆ ಬಿಡಲಿಲ್ಲ. ಕೈಗೆ ಸೋಪು ಹಚ್ಕೊಂಡು, ಹಲ್ಲು ಕಚ್ಚಿ ಹಾಕ್ಕೊಂಡ್ಳು.' ಚೂರನ್ನ ಮಗಳ ಕೈಗಿಟ್ಟ. ತಟ್ಟನೆ ಎದ್ದ. 'ಹೊತ್ತಾಯ್ತು, ಗಿರಣೀಲಿ ಕೆಲಸ ಇದೆ.'

ಮಗಳು ಮಾತ್ರ ಆ ದಿನ ಕಾರಲ್ಲಿ ಸಣ್ಣಗೆ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ಅದನ್ನ ನೋಡಿದ್ದೇ ಸಾಹುಕಾರನಿಗೆ ಹೊಸ ಅವಸರ ಹತ್ತಿತು. ತಟ್ಟೆ ಬೇಗ ಕೈಗೆ ಕೊಟ್ಟುಬಿಟ್ಟರೆ ಮಗಳು ಪೂರಾ ಸರಿ ಹೋಗ್ತಾಳೆ ಅಂತ.

ಭಟ್ಟಿ ಹಚ್ಚಿದರು. ಗಾಜಿನಮ್ಮ ಇಬ್ಬರಿಗೂ ಹೇಳಿದ್ದಳು: 'ಕಾಯೋದು ದೊಡ್ಡದಲ್ಲ, ಆರೋದೇ ದೊಡ್ಡದು. ಗಾಜು ಕರಗಿ ಒಂದಾದ ಮೇಲೆ ಒಂದು ಹದದ ಬಿಸೀಲಿ ಅದನ್ನ ಹಾಗೇ ಹಿಡಿದಿಡಬೇಕು, ಒಳಗೂ ಹೊರಗೂ ಒಂದೇ ಬಿಸಿ ಆಗೋವರೆಗೆ. ಆಮೇಲೆ ಮೆಲ್ಲಗೆ, ಮೆಲ್ಲಗೆ ಇಳಿಸಬೇಕು. ಮೇಲೆ ತಣ್ಣಗಾಗಿ ಒಳಗೆ ಬಿಸಿ ಉಳಿದರೆ ಗಾಜು ತಡೆಯಲ್ಲ. ನಾಳಿದ್ದು ನಾನೇ ಮುಚ್ಚಳ ತೆಗೀತೀನಿ. ಅಲ್ಲೀವರೆಗೂ ಯಾರೂ ಮುಟ್ಟಬೇಡಿ.'

ಮರುದಿನ ಅವಳು ಒಂದು ಗೃಹಪ್ರವೇಶಕ್ಕೆ ಹೋಗಿದ್ದಳು. ಮನೇಲಿ ಅವಳ ಅತ್ತೆ ಒಬ್ಬಳೇ, ವಯಸ್ಸಾದವಳು. ಸಾಹುಕಾರ ಮಗಳನ್ನ ಕರ್ಕೊಂಡು, ಒಂದು ಬುಟ್ಟಿ ಮಾವಿನಹಣ್ಣು ಹಿಡ್ಕೊಂಡು ಬಂದ. 'ಒಂದೇ ಒಂದು ಸಲ ನೋಡಿ ಹೋಗ್ತೀವಿ ತಾಯಿ.' ಮುದುಕಿ ಬೇಡ ಅಂದಳು. ಮಗಳೂ ಬೇಡಪ್ಪ ಅಂದಳು. ಅವನು ಕೇಳಬೇಕಲ್ಲ? ಭಟ್ಟಿ ಹೊರಗಿಂದ ಮುಟ್ಟಿ ನೋಡಿದ, ಅಷ್ಟೇನೂ ಸುಡಲಿಲ್ಲ. ಆರಿದೆ ಅಂದ್ಕೊಂಡ. ಮುಚ್ಚಳ ಎತ್ತಿಬಿಟ್ಟ.

ಆಹಾ, ಏನು ಚೆಂದ! ಹಸಿರು, ಕೆಂಪು, ನೀಲಿ, ಎಲ್ಲಾ ಒಂದಾಗಿ ಕೊಳದ ನೀರಿನ ಹಾಗೆ ಹೊಳೀತಿತ್ತು. 'ನೋಡು ಮಗಾ, ನಾನು ಹೇಳಲಿಲ್ವಾ, ಏನೂ ಆಗಿಲ್ಲ' ಅಂದ.

ಅಂದ ಬಾಯಿ ಇನ್ನೂ ಮುಚ್ಚಿರಲಿಲ್ಲ. ಟಣ್ ಅಂತು. ತಟ್ಟೆಯ ನಡುವೆ ಈ ಕಡೆಯಿಂದ ಆ ಕಡೆಗೆ ಸೀಳು.

ಆ ಹುಡುಗಿ ನಿಂತಲ್ಲೇ ಕುಸಿದಳು. ಅತ್ತಳು ನೋಡಿ, ಎಂಥಾ ಅಳು! ಅಂಗಳದಲ್ಲಿ ತಡೆದದ್ದು, ಇಷ್ಟು ದಿನ ನುಂಗಿದ್ದು, ಎಲ್ಲಾ ಹೊರಗೆ ಬಂತು. 'ಅಮ್ಮಾ, ಅಮ್ಮಾ' ಅಂತ ಕೂಗಿ ಕೂಗಿ ಅತ್ತಳು. ಸಾಹುಕಾರ ಅವಳ ಹತ್ತಿರ ಬಗ್ಗಿದ. ಅಭ್ಯಾಸಬಲ ನೋಡಿ, ಬಾಯಿ ತೆಗೆದ. 'ಅಳಬೇಡ, ಇನ್ನೊಂದು ಮಾಡಿ...' ಅನ್ನೋಕೆ ಹೊರಟ.

ಆ ಮುದುಕಿ ಅವನ ತೋಳು ಹಿಡಿದು ಗದರಿದಳು. 'ಬಿಡ್ರೀ ಆ ಕೂಸನ್ನ! ತಾಯಿ ಸತ್ತಿದ್ದಾಳೆ, ಅಳೋಕೂ ನಿಮ್ಮ ಅಪ್ಪಣೆ ಬೇಕಾ?'

ಊರಿಗೆಲ್ಲ ಗದರೋ ಮನುಷ್ಯನನ್ನ ಯಾರೂ ಹಾಗೆ ಗದರಿರಲಿಲ್ಲ. ಅವನು ಸುಮ್ಮನೆ ಮುಚ್ಚಳ ಮುಚ್ಚಿದ. ಮಗಳ ಪಕ್ಕ ನೆಲದ ಮೇಲೆ ಕೂತ. ಎಷ್ಟು ಹೊತ್ತು ಕೂತ ಅಂತ ಅವನಿಗೂ ಗೊತ್ತಿಲ್ಲ. ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ಕೂತಲ್ಲೇ ಆ ನೀಲಿ ಬಳೆಯ ಕೈ ನೆನಪಾಯ್ತು. ಹೆಂಡತಿ ಸತ್ತ ಮೇಲೆ ಮೊದಲನೇ ಸಲ ಅವನೂ ಅತ್ತ. ಮಗಳು ಅಪ್ಪನ ಕೈ ಹಿಡ್ಕೊಂಡಳು.

ಗಾಜಿನಮ್ಮ ಬಂದಳು, ಬೈದಳು, ಬೈಬೇಕಾದಷ್ಟು ಬೈದಳು. ಆಮೇಲೆ ಎರಡೂ ಹೋಳನ್ನ ಪೂರಾ ಆರಿಸಿ, ತೊಳೆದು, ಒತ್ತಿ ಜೋಡಿಸಿ ಮತ್ತೆ ಭಟ್ಟಿಗಿಟ್ಟಳು. ಒಂದಕ್ಕೊಂದು ಹೊಂದೋ ಗಾಜಲ್ವಾ, ಮತ್ತೆ ಕೂಡುತ್ತೆ. ಆದರೆ ಈ ಸಲ ಮೊದಲಿಗಿಂತ ನಿಧಾನವಾಗಿ ಕಾಯಿಸಬೇಕು, ಮೊದಲಿಗಿಂತ ನಿಧಾನವಾಗಿ ಆರಿಸಬೇಕು ಅಂದಳು. ಸಾಹುಕಾರ ಆ ದಿನಗಳಲ್ಲಿ ಗಿರಣಿಗೆ ಹೋಗಲಿಲ್ಲ, ಶೆಡ್ಡಿಗೂ ಬರಲಿಲ್ಲ. ಮನೇಲಿ ಮಗಳ ಜೊತೆ ಕೂತು ಅವಳಮ್ಮನ ಕಥೆ ಹೇಳಿದ. ತಟ್ಟೆ ಆಯ್ತು. ಸೀಳಿದ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳ ಒಂದು ಗೆರೆ ಉಳೀತು. ಉಳಿಯಲಿ ಬಿಡಿ, ಅದರಲ್ಲೇನು?

ಈಗ ನಿಮ್ಮ ಕಡೆ ತಿರುಗ್ತೀನಿ. ಮರುಳಪ್ಪ, ಆ ಮೈಕು ಸ್ವಲ್ಪ ಜೋರು ಮಾಡು, ಹಿಂದೆ ಕೂತವರಿಗೂ ಕೇಳಲಿ.

ನಾವೆಲ್ಲ ಏನು ಮಾಡ್ತಿದ್ದೀವಿ? ಸಾವಿನ ಮನೆಗೆ ಹೋಗ್ತೀವಿ, ಹಾರ ಹಾಕ್ತೀವಿ. 'ಹೋದವರು ಬರ್ತಾರಾ, ಸಮಾಧಾನ ಮಾಡ್ಕೊಳ್ಳಿ' ಅಂತೀವಿ. ತಿಥಿ ಊಟ ಉಂಡು ಬರ್ತೀವಿ. ಆಮೇಲೆ? ಆಮೇಲೆ ಆ ಹೆಂಗಸು ಬೀದೀಲಿ ಸಿಕ್ಕಿದ್ರೆ ಮುಖ ನೋಡಿ, 'ಇನ್ನೂ ಹೀಗೇ ಇದ್ದೀಯಲ್ಲ' ಅಂತೀವಿ. ದುಃಖಕ್ಕೆ ವಾಯಿದೆ ಇಡೋಕೆ ನೀವ್ಯಾರು, ನಾನ್ಯಾರು? ನಮಗೆ ನೋಡೋಕೆ ಕಷ್ಟ, ಅದಕ್ಕೇ ಅವರು ಬೇಗ ನಗಬೇಕು. ಹೌದೋ ಅಲ್ವೋ? ಮೇಲೆ ಮುಟ್ಟಿ ನೋಡಿ ಆರಿದೆ ಅಂತೀವಿ. ಒಳಗೆ ಎಷ್ಟು ಬಿಸಿ ಇದೆ ಅಂತ ಯಾರು ಕಂಡವರು?

ನಾಳೆಯಿಂದ ಬದಲಾಗಿ. ನಾಳೆ ಯಾಕೆ, ಈ ಸಂಜೆಯೇ. ನಿಮ್ಮನೇಲಿ ಯಾರಾದರೂ ಅಳ್ತಿದ್ರೆ 'ಸಾಕು' ಅನ್ನಬೇಡಿ. ಗಂಡುಮಗು ಅತ್ತರೆ 'ಹುಡುಗೀರ ಹಾಗೆ' ಅಂತ ಮೂದಲಿಸಬೇಡಿ. ಸತ್ತವರ ಬಟ್ಟೆಬರೆ ತೆಗೆಯೋಕೆ ಅವಸರ ಮಾಡಬೇಡಿ, ಮನೆಯವರೆಲ್ಲ ಸರಿ ಅನ್ನೋವರೆಗೆ ಇರಲಿ. ಊಟಕ್ಕೆ ಕೂತಾಗ ಅವರ ಹೆಸರು ಎತ್ತಿ. ಹೆಸರು ಎತ್ತಿದ್ರೆ ನೋವು ಹೆಚ್ಚುತ್ತೆ ಅಂತ ಹೆದರ್ತೀರಲ್ಲ, ಎತ್ತದೇ ಇದ್ರೇ ಹೆಚ್ಚು ನೋವು.

ಇನ್ನೊಂದು ಮಾತು. ಈ ಊರಲ್ಲೇ, ಕೆರೆ ಬೀದೀಲಿ, ಹೋದ ವರ್ಷ ಮಗನನ್ನ ಕಳ್ಕೊಂಡ ಒಂದು ಮನೆ ಇದೆ. ಯಾವ ಮನೆ ಅಂತ ನಿಮಗೆಲ್ಲ ಗೊತ್ತು. ಆ ತಾಯಿ ಮೊದಲು ಈ ಪ್ರವಚನಕ್ಕೆ ತಪ್ಪದೇ ಬರ್ತಿದ್ದಳು, ಈಗ ಬರ್ತಿಲ್ಲ. ಅವಳು ಬರ್ತಿಲ್ಲ ಅಂತ ನಿಮ್ಮಲ್ಲಿ ಎಷ್ಟು ಜನ ಗಮನಿಸಿದ್ದೀರಿ? ಇವತ್ತು ಮನೆಗೆ ಹೋಗೋ ದಾರೀಲಿ ಒಬ್ಬರಾದರೂ ಆ ಬಾಗಿಲು ತಟ್ಟಿ. ಉಪದೇಶ ಮಾಡಬೇಡಿ, ಅದಕ್ಕೆ ನಾನಿದ್ದೀನಿ. ಒಳಗೆ ಹೋಗಿ ಕೂತು, 'ನಿಮ್ಮ ಮಗನ ಬಗ್ಗೆ ಏನಾದ್ರೂ ಹೇಳಿ ತಾಯಿ' ಅಂತ ಕೇಳಿ. ಕೇಳಿದ ಮೇಲೆ ಆ ತಾಯಿ ಹೇಳಿ ಮುಗಿಸೋವರೆಗೂ ಎದ್ದು ಬರಬೇಡಿ.