ಸತ್ತವನು ಕಾಣದ ರಸ್ತೆ

ಇದು ನಮ್ಮ ಎದುರು ಮನೆಯ ಫ್ರಿಜ್ ರಿಪೇರಿಯವನಿಗೆ ಆದದ್ದು. ಅವನಿಗೆ ಕತೆ ಕಟ್ಟಲು ಬರುವುದಿಲ್ಲ. ಫ್ರಿಜ್ ಕೆಟ್ಟಿದ್ದರೆ ಕೆಟ್ಟಿದೆ ಅನ್ನುತ್ತಾನೆ. ಕೆಡದಿದ್ದರೆ, "ಪ್ಲಗ್ ಸರಿಯಾಗಿ ಹಾಕಿ" ಎಂದು ಹೇಳಿ ಎದ್ದು ಬರುತ್ತಾನೆ. ಅಂಥವನು.

ಆ ರಾತ್ರಿ ಅಂಗಡಿ ಮುಚ್ಚಿ ನಡೆದು ಬರುತ್ತಿದ್ದ. ತಡವಾಗಿತ್ತು. ಬೀದಿ ದೀಪ ಬಾವಿಯ ತನಕ ಮಾತ್ರ, ಅದರಾಚೆ ಕತ್ತಲು. ಬಾವಿ ಬತ್ತಿ ಎಷ್ಟೋ ಕಾಲವಾಯಿತು. ಯಾರೂ ಬೀಳದಿರಲಿ ಎಂದು ಬಾಯಿಗೆ ಕಬ್ಬಿಣದ ಬಲೆ ಹಾಕಿದ್ದಾರೆ. ಗಾಳಿ ಬೀಸಿದರೆ ಬಲೆ ಸದ್ದು ಮಾಡುತ್ತದೆ. ಆ ರಾತ್ರಿ ಗಾಳಿ ಇರಲಿಲ್ಲ.

ಬಲೆ... ಝಿಂಯ್ ಅಂದಿತು.

ಅವನು ನಿಂತ. ಕಂಪ್ರೆಸರ್ ಸದ್ದು ಕೇಳಿಯೇ ಫ್ರಿಜ್ಜಿನ ಕಾಯಿಲೆ ಹೇಳುವ ಕಿವಿ ಅದು. ಹಿಂದೆ ಇನ್ನೊಂದು ಸದ್ದು. ಗರ್‌ರ್... ಗರ್‌ರ್... ಕಬ್ಬಿಣದ ಸರಳನ್ನು ಯಾರೋ ಡಾಂಬರಿನ ಮೇಲೆ ಎಳೆದುಕೊಂಡು ಬರುತ್ತಿದ್ದರು.

"ತಮ್ಮಾ..."

ತಿರುಗಿದ. ಎತ್ತರದ ಆಳು. ಮುಖ ನೆರಳಿನಲ್ಲಿತ್ತು.

"ಟೂರ್ ಹೊರಟಿದ್ದೀಯಂತೆ."

"ಹೌದು. ಯಾರು ಹೇಳಿದ್ರು?"

"ಊರೇ ಹೇಳ್ತಿದೆ. ಪಕ್ಕದ ರಾಜ್ಯಕ್ಕೆ. ಸಮುದ್ರ ನೋಡೋಕೆ..." ಗಂಟಲಿಗೆ ಧೂಳು ಸಿಕ್ಕಿದಂಥ ಪಿಸುಮಾತು. "ಯಾವ ಹೆದ್ದಾರಿ?"

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು.

ಅವನ ಹೆಂಡತಿಗೆ ಇದು ಎರಡನೇ ಮದುವೆ. ಮೊದಲನೆಯವನು ಲಾರಿ ಓಡಿಸುತ್ತಿದ್ದ. ಬದುಕಿದ್ದಷ್ಟು ದಿನವೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ರಾಜ್ಯ ರಾಜ್ಯ ಸುತ್ತಿದ. ಸತ್ತದ್ದು ರಸ್ತೆಯ ಮೇಲಲ್ಲ. ಜ್ವರ ಬಂದು ಹಾಸಿಗೆಯಲ್ಲಿ. ಆಮೇಲೆ ಅವಳು ಹೊಲಿಗೆ ಅಂಗಡಿ ಇಟ್ಟಳು. ಗೋಡೆಯಾಚೆಯ ಅಂಗಡಿ ಇವನದು. ಆಚೆ ಹೊಲಿಗೆ ಯಂತ್ರದ ಟಕಟಕ ನಿಂತ ದಿನ ಈಚೆ ಇವನ ಕೈ ಓಡುತ್ತಿರಲಿಲ್ಲ. ಮದುವೆಯಾದರು.

ಒಳ್ಳೆಯ ಸಂಸಾರ. ಒಂದೇ ಒಂದು ಮುಳ್ಳು. ಯಾವ ಊರಿನ ಮಾತೆತ್ತಿದರೂ ಅವಳು ಅಲ್ಲಿಗೆ ಹೋಗಿ ಬಂದಿರುತ್ತಿದ್ದಳು. "ಅಲ್ಲೊಂದು ಸೇತುವೆ ಇದೆ, ತುಂಬಾ ಕಿರಿದು" ಅನ್ನುವಳು. ಅಷ್ಟೇ. ಲಾರಿಯವನ ಸುದ್ದಿ ಎತ್ತುತ್ತಿರಲಿಲ್ಲ. ಆದರೂ ಇವನ ಹೊಟ್ಟೆಯಲ್ಲಿ ಕೆಂಡ. ಸೇತುವೆ ಕಂಡಾಗ ಪಕ್ಕದಲ್ಲಿದ್ದವನು ಯಾರು? ಬದುಕಿದವನ ಮೇಲೆ ಹೊಟ್ಟೆಕಿಚ್ಚಾದರೆ ಎದುರು ನಿಂತು ಜಗಳವಾಡಬಹುದು. ಸತ್ತವನ ಕೊರಳಪಟ್ಟಿ ಹಿಡಿಯುವುದು ಹೇಗೆ? ಹೆಂಗಸರಿಗಾದರೆ ಸವತಿ ಎಂಬ ಮಾತಾದರೂ ಇದೆ. ಗಂಡಸಿಗೆ ಆ ಸಂಬಂಧಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ್ದನ್ನು ಬೈಯುವುದೂ ಕಷ್ಟ.

ಕಾರು ಕೊಂಡ. ಹಳೆಯದು, ಆದರೂ ಸ್ವಂತದ್ದು. ಸಮುದ್ರ ನೋಡಿ ಬರೋಣ ಎಂದ. ಸಮುದ್ರಕ್ಕೆ ಮೂರು ಅಂತರರಾಜ್ಯ ಹೆದ್ದಾರಿಗಳು. ಘಟ್ಟದ್ದು ಕಣ್ಣಿಗೆ ಹಬ್ಬ, ಹೊಟ್ಟೆಗೆ ತೊಳಸು. ನದಿಯ ಪಕ್ಕದ್ದರಲ್ಲಿ ಉದ್ದಕ್ಕೂ ನೆರಳು, ಊಟದ ಜಾಗ, ಗಾಡಿ ನಿಲ್ಲಿಸಿ ಕಾಲು ಚಾಚಲು ಬಯಲು. ಯಾರನ್ನು ಕೇಳಿದರೂ ಅದನ್ನೇ ಹೇಳುವರು. ಮೂರನೆಯದು ಹೊಸದು. ಆರು ಸಾಲು, ನೇರ, ಬೋಳು. ಮರ ಇಲ್ಲ. ಚಹಾ ಇಲ್ಲ.

ಹೆಂಡತಿಯ ತಮ್ಮ ಅಂಗಡಿಗೆ ಬಂದು ನಕ್ಕಿದ್ದ. "ಭಾವ, ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀರಿ? ಅಕ್ಕನ್ನ ಕೇಳಿ. ಘಟ್ಟದ ರಸ್ತೇಲಿ ಕಣ್ಣು ಮುಚ್ಚಿಕೊಂಡು ತಿರುವು ಹೇಳ್ತಾಳೆ. ನದಿ ರಸ್ತೇಲಂತೂ ನಾಯಿಗಳಿಗೂ ಅವಳ ಪರಿಚಯ."

ಸಾಕಾಯಿತು. ಅಲ್ಲೇ ತೀರ್ಮಾನಿಸಿದ. ಹೊಸ ಹೆದ್ದಾರಿ ತೆರೆದದ್ದು ಲಾರಿಯವನು ಸತ್ತ ಮೇಲೆ. ಅದೊಂದರ ಮೇಲೆ ಅವನ ಚಕ್ರ ಉರುಳಿಲ್ಲ. ಹಾಗಾದರೆ ಅದೇ ಎಲ್ಲಕ್ಕಿಂತ ಒಳ್ಳೆಯ ರಸ್ತೆ. ಹೆಂಡತಿಯನ್ನು ಕೇಳಲಿಲ್ಲ.

ಅದಕ್ಕೇ ಬಾವಿಯ ಹತ್ತಿರ ಆ ಆಳು ಕೇಳಿದಾಗ ಎದೆ ಸೆಟೆಸಿ ಹೇಳಿದ.

"ಹೊಸ ಹೆದ್ದಾರಿ."

"ಬೋಳು ರಸ್ತೆ, ತಮ್ಮಾ. ಟೈರ್ ಸುಡುತ್ತೆ."

"ಸುಡಲಿ. ಆ ರಸ್ತೇಲಿ ಅವನು ಹೋಗಿಲ್ಲ."

"ಯಾರು?"

"ಇದ್ದ ಒಬ್ಬ."

ಆಳು ಮೆಲ್ಲಗೆ ನಕ್ಕ. ಹ್... ಹ್...

"ಆ ದಾರಿ ಅವನಿಗೆ ಗೊತ್ತಿರ್ಲಿಲ್ಲ. ಈಗ ನೀನೇ ಹೇಳಿದ್ಯಲ್ಲ."

ಗರ್‌ರ್... ಗರ್‌ರ್... ಸರಳಿನ ಸದ್ದು ಕತ್ತಲೊಳಗೆ ಹೋಯಿತು. ಹೋದದ್ದು ಇವನ ಮನೆಯ ದಿಕ್ಕಿಗೆ. ಇವನು ಸದ್ದಿನ ಬೆನ್ನ ಹಿಂದೆಯೇ ಓಡಿದ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಮನೆ ಮುಂದೆ ಕಾರು ನಿಂತಿತ್ತು. ಒಳಗೆ ಹೆಂಡತಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

"ಯಾರಾದ್ರೂ ಬಂದಿದ್ರಾ?"

"ಈ ಹೊತ್ತಲ್ಲಿ ಯಾರು ಬರ್ತಾರೆ? ಯಾಕ್ರೀ ಹೀಗೆ ಬೆವೆತಿದ್ದೀರಿ?"

"ನಡೆದು ಬಂದೆ."

"ದಿನಾ ನಡೆದೇ ಬರ್ತೀರಿ."

ಯಾರೋ ಕುಡುಕ ಎಂದುಕೊಂಡು ಇವನು ಮಲಗಿದ.

ಮರುದಿನ ಬಿಸಿಲು ಇಳಿದ ಮೇಲೆ ಹೊರಟರು. ಊರು ದಾಟಿತು. ಹೊಸ ಹೆದ್ದಾರಿ ಹತ್ತಿದರು. ಅವಳು ಕಿಟಕಿಯಿಂದ ಇಣುಕಿದಳು.

"ಇದ್ಯಾವ ರಸ್ತೆ?"

"ಹೊಸದು. ನೋಡಿದ್ದೀಯಾ?"

"ಇಲ್ಲ."

ಆ 'ಇಲ್ಲ' ಕೇಳಲು ಅವನು ಮದುವೆಯಾದಾಗಿನಿಂದ ಕಾದಿದ್ದ. ಸ್ವರ್ಗಕ್ಕೆ ಮೂರೇ ಗೇಣು. ಹಾಡು ಬಾರದವನು ಗುನುಗಿದ. ಅದೂ ಸ್ವಲ್ಪ ಹೊತ್ತು. ಲಾರಿಯೊಂದು ಮುಂದೆ ಹೋದಾಗ ಅವಳ ಕಣ್ಣು ಅದರ ಹಿಂದೆಯೇ ಹೋಯಿತು.

"ಹಿಂದಿನ ದೀಪ ಸತ್ತಿದೆ ಪಾಪ, ಅವನಿಗೆ ಗೊತ್ತಿದೆಯೋ ಇಲ್ವೋ."

"ಲಾರಿ ಯಾಕೆ ನೋಡ್ತೀಯ? ರಸ್ತೆ ನೋಡು."

"ರಸ್ತೆ ಮೇಲೆ ಇರೋದೇ ಲಾರಿ ಕಣ್ರೀ. ಬೇರೆ ಏನು ನೋಡ್ಲಿ, ನಿಮ್ಮ ಆರು ಸಾಲನ್ನಾ?"

ಅವನು ದವಡೆ ಬಿಗಿದುಕೊಂಡು ಓಡಿಸಿದ.

ರಾತ್ರಿ ಬೆಳೆದ ಮೇಲೆ ಗಾಡಿ ನಿಲ್ಲಿಸುವ ಜಾಗವೊಂದು ಸಿಕ್ಕಿತು. ಶೌಚಾಲಯ, ಒಂದು ನಲ್ಲಿ, ಜುಯ್ಯ್ ಎನ್ನುವ ಟ್ಯೂಬ್‌ಲೈಟ್. ಬೇರೆ ಗಾಡಿ ಇರಲಿಲ್ಲ. ಅವಳು ಬಾಟಲಿ ಹಿಡಿದು ನಲ್ಲಿಯ ಕಡೆ ಹೋದಳು. ಅವನು ಸೀಟಿಗೊರಗಿ ಕಣ್ಣು ಮುಚ್ಚಿದ.

ದಬ್.

ಬಲಗಡೆ, ಮುಂದಿನ ಟೈರ್. ಗಟ್ಟಿ ಸದ್ದು.

ದಬ್... ಬಲಗಡೆ, ಹಿಂದೆ.

ಯಾರೋ ಕಾರಿನ ಹಿಂದೆ ನಡೆದು ಆ ಬದಿಗೆ ಹೋದರು. ಕನ್ನಡಿಯಲ್ಲಿ ನೋಡಿದ. ಯಾರೂ ಇಲ್ಲ. ಬರೀ ಗರ್‌ರ್... ಗರ್‌ರ್...

ದಬ್. ಎಡಗಡೆ, ಹಿಂದೆ.

ಆಮೇಲೆ ಎಡಗಡೆ ಮುಂದಿನದು. ಬೊದ್...

ಅದು ಬೇರೆ ಸದ್ದು. ಗಾಳಿ ಇಳಿದ ಟೈರಿನ ಸದ್ದು. ಅದನ್ನು ತಿಳಿಯಲು ಅವನ ಕಿವಿಯೇ ಬೇಕಿರಲಿಲ್ಲ. ಹೀಗೆ ಸುತ್ತು ಹಾಕಿ, ಸರಳಿನಿಂದ ಟೈರ್ ಬಡಿದು ನೋಡುವವರು ಯಾರೆಂಬುದೂ ಗೊತ್ತು. ಲಾರಿಯವರು.

ಬಾವಿಯ ಹತ್ತಿರದ ಆಳು... ಸರಳು... ಅವನಿಗೆ ದಾರಿ ಹೇಳಿಕೊಟ್ಟವನು ನಾನೇ.

ಇಳಿದು ನೋಡಬಹುದಿತ್ತು. ಬಗ್ಗಿ ಒಮ್ಮೆ ಒತ್ತಿದ್ದರೆ ಸಾಕಿತ್ತು. ಸ್ಟೆಪ್ನಿ ಹಿಂದೆ ಇತ್ತು. ಆದರೆ ಹೆದರಿಕೆಗಿಂತ ಹೊಟ್ಟೆಕಿಚ್ಚು ದೊಡ್ಡದು ನೋಡಿ. ನನ್ನ ಕಾರು, ನನ್ನ ಹೆಂಡತಿ, ನಾನು ಆರಿಸಿದ ರಸ್ತೆ. ಸತ್ತವನು ಹೇಳಿದ ಅಂತ ನಾನು ಬಗ್ಗಬೇಕಾ? ಇಳಿಯಲಿಲ್ಲ.

ಹೆಂಡತಿ ಬಂದು ಬಾಗಿಲು ಹಾಕಿಕೊಂಡಳು.

"ಯಾರೋ ಟೈರ್ ಬಡಿದ ಹಾಗಾಯ್ತು?"

"ನಾನೇ."

ಅವಳು ಅವನ ಬರಿಗೈ ನೋಡಿದಳು.

ಹೊರಟರು. ಸ್ಟೇರಿಂಗ್ ಎಡಕ್ಕೆ ಎಳೆಯತೊಡಗಿತು. ಕೆಳಗಿನಿಂದ ಫದ... ಫದ... ಫದ...

"ಗಾಡಿ ಎಳೀತಿದೆ. ನಿಲ್ಲಿಸಿ."

"ರಸ್ತೆ ಹಾಗಿದೆ."

"ಹೊಸ ರಸ್ತೆ ಹಾಗಿರುತ್ತಾ?"

ಅವನು ವೇಗ ಹೆಚ್ಚಿಸಿದ. ಫದಫದಫದ...

"ರೀ, ನಿಲ್ಲಿಸಿ ಅಂದೆ!"

ಇನ್ನೂ ಒತ್ತಿದ. ಆಗ ಕಿವಿಯ ಹಿಂದೆಯೇ, ಹಿಂದಿನ ಸೀಟಿನಿಂದ...

"ನಿಲ್ಸು, ತಮ್ಮಾ."

ಕಾಲು ತಾನಾಗಿ ಬ್ರೇಕ್ ತುಳಿಯಿತು. ಕಾರು ಓಲಾಡಿತು, ಅಡ್ಡಡ್ಡ ಜಾರಿತು, ಬದಿಯ ತಗಡಿನ ಬೇಲಿಗೆ ಕರ್‌ರ್ ಎಂದು ಉಜ್ಜಿಕೊಂಡು ನಿಂತಿತು. ಎಂಜಿನ್ ಆರಿತು. ಟಿಕ್... ಟಿಕ್... ಬಿಸಿ ಲೋಹ ತಣಿಯುವ ಸದ್ದು ಮಾತ್ರ.

ಅವಳು ಇಳಿದು ನೋಡಿದಳು. ಟೈರ್ ರಿಮ್ ಬಿಟ್ಟು ಹೊರಬಂದಿತ್ತು. ಸುಟ್ಟ ರಬ್ಬರಿನ ವಾಸನೆ. ಇನ್ನೊಂದಿಷ್ಟು ದೂರ ಹೋಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ. ಅವನೂ ಇಳಿದ.

"ಆಗ ಟೈರ್ ಬಡಿದದ್ದು ಅವನೇ. ಬಂದಿದ್ದಾನೆ ಅಲ್ವಾ?" ಪಿಸುಗುಟ್ಟಿದಳು.

"ನಿನಗೋಸ್ಕರ ಬಂದಿದ್ದಾನೆ."

ಅವಳಿಗೆ ನಗು ಬಂತು. ಆ ಕತ್ತಲಲ್ಲಿ, ಆ ರಸ್ತೆಯಲ್ಲಿ.

"ನನಗೋಸ್ಕರಾನಾ? ಅವನಿಗೆ ನನಗಿಂತ ಟೈರ್ ಮೇಲೆ ಜೀವ. ಅದನ್ನ ನೋಡೋಕೆ ಬಂದಿರ್ತಾನೆ."

"ಅಷ್ಟೂರು ಸುತ್ತಿದ್ದೀಯ ಅವನ ಜೊತೆ..."

"ಸುತ್ತಿಸಿದ. ಮನೇಲಿ ಬಿಟ್ಟು ಹೋದ್ರೆ ಯಾರ ಜೊತೆ ಮಾತಾಡ್ತೀನೋ ಅನ್ನೋ ಅನುಮಾನ. ಅದಕ್ಕೇ ಪಕ್ಕದಲ್ಲಿ ಕೂರಿಸ್ಕೊಂಡಿದ್ದ. ಯಾವ ಕಡೆ ಹೋಗೋಣ ಅಂತ ಒಂದು ದಿನ ಕೇಳಿಲ್ಲ." ಉಸಿರು ಎಳೆದುಕೊಂಡಳು. "ನೀವು ಕೇಳಿದ್ರಾ? ಈ ಬೋಳು ರಸ್ತೆ ಯಾಕೆ ಆರಿಸಿದ್ರಿ ಅಂತ ನನಗೆ ತಿಳಿಯಲ್ವಾ? ಅವನು ಹೋಗೋ ರಸ್ತೆ ಅಂತ ಅವನು ಕರ್ಕೊಂಡು ಹೋದ. ಅವನು ಹೋಗದ ರಸ್ತೆ ಅಂತ ನೀವು ಕರ್ಕೊಂಡು ಬಂದ್ರಿ. ಇಬ್ಬರಿಗೂ ಅವನದೇ ಲೆಕ್ಕ. ನಾನು ಎಲ್ಲಿದ್ದೀನಿ ಇದರಲ್ಲಿ?"

ಅವನು ಜಾಕಿ ತಂದ. ಅವಳು ಮೊಬೈಲ್ ಬೆಳಕು ಹಿಡಿದಳು. ನಟ್ಟುಗಳು ಕ್ರೀ... ಕ್ ಎಂದು ಸಡಿಲಾದವು. ಸ್ಟೆಪ್ನಿ ಹಾಕಿ ಮುಗಿದಾಗ ಅವಳು ಕೈ ಚಾಚಿದಳು.

"ಕೀ ಕೊಡಿ."

"ನಿನಗೆ ಓಡಿಸೋಕೆ ಬರುತ್ತಾ?"

"ಅವನು ನಿದ್ದೆ ಮಾಡುವಾಗ ಲಾರಿ ತಾನೇ ಹೋಗ್ತಿತ್ತು ಅಂದ್ಕೊಂಡ್ರಾ?"

ಕೊಟ್ಟ. ಮೊದಲ ಸಲ ಸ್ವಂತ ಕಾರಿನಲ್ಲಿ ಪಕ್ಕದ ಸೀಟಿಗೆ ಕೂತ. ಅವಳ ಕೈ ಗೇರ್ ಮೇಲೆ ಹಗುರಾಗಿ ಓಡುತ್ತಿತ್ತು. ಈ ಕೈಗೆ ಗೇರ್ ಕಲಿಸಿದವನು ಯಾರು ಎಂಬ ಯೋಚನೆ ಬಂತು. ನುಂಗಿಕೊಂಡ.

ರಾಜ್ಯದ ಗಡಿಯಲ್ಲಿ ದೊಡ್ಡ ವೃತ್ತ. ಹೆದ್ದಾರಿಗಳೆಲ್ಲ ಅಲ್ಲಿ ಬಂದು ಕೂಡುತ್ತವೆ. ಸಮುದ್ರದ ದಾರಿ ತೋರುವ ಬಾಣ ನೇರಕ್ಕಿತ್ತು. ಅವಳು ವೃತ್ತವನ್ನು ಒಂದು ಸುತ್ತು ಹಾಕಿದಳು. ಇನ್ನೊಂದು ಸುತ್ತು ಹಾಕಿದಳು. ಆಮೇಲೆ, ಯಾರೂ ಯಾವತ್ತೂ ಹೇಳಿರದ ನಾಲ್ಕನೆಯ ಹೆದ್ದಾರಿಗೆ ಇಂಡಿಕೇಟರ್ ಹಾಕಿದಳು. ಟಕ್ ಟಕ್ ಟಕ್...

"ಇದು ಸಮುದ್ರಕ್ಕೆ ಹೋಗಲ್ಲ."

"ಸಮುದ್ರ ಬೇಕು ಅಂತ ಯಾರು ಕೇಳಿದ್ರು?"

"ಮತ್ತೆ ಇದು ಎಲ್ಲಿಗೆ ಹೋಗುತ್ತೆ?"

"ಗೊತ್ತಿಲ್ಲ. ಅದಕ್ಕೇ."

ತಿರುಗಿಸಿದಳು. ಎರಡು ಸಾಲಿನ ರಸ್ತೆ. ದೀಪವಿಲ್ಲ. ಆಗ ಅವನ ಬೆನ್ನಿಗೆ ಏನೋ ಒತ್ತಿತು. ಸೀಟಿನ ಹಿಂದಿನಿಂದ, ಬಟ್ಟೆ ಮತ್ತು ಸ್ಪಂಜನ್ನು ದಾಟಿ. ಗಟ್ಟಿಯಾದ, ಗುಂಡನೆಯ ಎರಡು... ಮೊಣಕಾಲು. ಉದ್ದ ಕಾಲಿನವನು ಇಕ್ಕಟ್ಟಿನಲ್ಲಿ ಕೂತ ಹಾಗೆ.

"ಈ ರಸ್ತೆ ನನಗೂ ಗೊತ್ತಿಲ್ಲ, ತಮ್ಮಾ..."

ಅವನು ತಿರುಗಲಿಲ್ಲ. ಹೆಂಡತಿಯ ಕಡೆ ನೋಡಿದ. ಅವಳು ಮುಂದೆ ನೋಡುತ್ತಿದ್ದಳು. ಕೇಳಿಸಿತೋ ಇಲ್ಲವೋ. ತುಟಿಯಲ್ಲಿ ಸಣ್ಣ ನಗುವಿತ್ತು. ಅದು ಯಾರಿಗೆಂದು ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಬಗ್ಗಿ ಸೀಟಿನ ಕೆಳಗೆ ಕೈ ಹಾಕಿದ. ಹಿಡಿ ಎಳೆದ. ಕಟಕ್. ಸೀಟನ್ನು ಮುಂದಕ್ಕೆ ಸರಿಸಿಕೊಂಡ.

ಬೆನ್ನಿನ ಒತ್ತು ಹೋಯಿತು. ಈಗ ಅವನ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಹಾಗೆಯೇ ಕೂತ. ಬೆಳಗಾಗುವವರೆಗೂ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಇದು ನಡೆದದ್ದು. ಅವರಿಬ್ಬರೂ ಈಗಲೂ ಆಗಾಗ ಟೂರ್ ಹೋಗುತ್ತಾರೆ. ರಸ್ತೆ ಅವಳೇ ಆರಿಸುತ್ತಾಳೆ, ಅವಳೇ ಓಡಿಸುತ್ತಾಳೆ. ಹಿಂದೆ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ, ಸಾಮಾನೂ ಇಡುವುದಿಲ್ಲ. ಆದರೂ ಪಕ್ಕದ ಸೀಟಿನ ಬೆನ್ನಿನಲ್ಲಿ ಕವರ್ ಎರಡು ಕಡೆ ಗುಂಡಗೆ ಸವೆಯುತ್ತದೆ. ಅವಳು ಹೊಲಿಗೆಯವಳು, ಎರಡು ಸಲ ಹೊಸ ಕವರ್ ಹೊಲಿದು ಹಾಕಿದಳು. ಎರಡು ಸಲವೂ ಅದೇ ಜಾಗದಲ್ಲಿ ಸವೆಯಿತು. ಮೂರನೆಯದಕ್ಕೆ ಆ ಎರಡು ಕಡೆ ಮೊದಲೇ ದಪ್ಪ ಬಟ್ಟೆಯ ತೇಪೆ ಕೊಟ್ಟಿದ್ದಾಳೆ. ಕಾರು ಎದುರು ಮನೆಯ ಮುಂದೆಯೇ ನಿಂತಿರುತ್ತದೆ. ಹೋಗಿ, ಕೈಯಿಟ್ಟು ನೋಡಿ.