ಗೋಣಿಚೀಲದ ಕಿಟಕಿ

ಕೊಳ್ಳೇಗಾಲ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಕೂತಿದ್ದರು. ಆಸ್ಪತ್ರೆಯಿಂದ ಬಂದವರು. ಸೊಸೆ ಮಾಸ್ಕ್ ಹಾಕಿದ್ದಳು.

“ಈ ಲೂಪಸ್ ಕಾಯ್ಲೆ ಸಾಲ್ದು ಅಂತ ಟಿಬಿನೂ ಬಂತಲ್ಲ ಅತ್ತೆ.”

“ನಂದೇ ತಪ್ಪು ಕಣವ್ವ ರೂಪ. ಲೂಪಸ್‌ಗೆ ಬಿಸ್ಲು ಆಗಲ್ಲ ಅಂದ್ರು ಅಂತ ಕಿಟಕಿಗೆಲ್ಲ ಗೋಣಿಚೀಲ ಬಡ್ದೆ. ಈಗ ಡಾಕ್ಟ್ರು ಮನೇಲಿ ಗಾಳಿ ಆಡ್ಬೇಕು ಅಂತಾರೆ.”

“ಚೀಲದಿಂದ ಟಿಬಿ ಬಂದದಾ? ಲೂಪಸ್ ಮಾತ್ರೆ ತಕಂಡು ಮೈಲಿ ರೋಗ ತಡೆಯೋ ಶಕ್ತಿ ಕಮ್ಮಿ ಆಗ್ಯದೆ ಅಂದ್ರಲ್ಲ.”

“ಅಂಗಾರೆ ಆ ಮಾತ್ರೆ ಬುಟ್ಬುಡು.”

“ನಾವೇ ಬುಡಂಗಿಲ್ಲವಂತೆ. ಅದೂ ಟಿಬಿ ಮಾತ್ರೆನೂ ಎರಡೂ ನುಂಗ್ಬೇಕು.”

“ಸರಿ, ಮನೆಗೆ ಓದೇಟ್ಗೆ ಚೀಲ ಕಿತ್ತಾಕ್ತೀನಿ.”

“ಬಿಸ್ಲು ಬಿದ್ರೆ?”

“ನಾನು ಸತ್ತೋಗಿದ್ದೀನಾ?”

ಹನೂರು ಬಸ್ ಬಂತು. ಇಬ್ಬರೂ ಹತ್ತಿದರು. ಬಸ್ ಹೊರಟಾಗ ರೂಪ ಕೂತ ಕಿಟಕಿ ಪೂರ್ತಿ ತೆರೆದಿತ್ತು. ಅವಳ ಮುಖಕ್ಕೆ ಬಿಸಿಲು ಬೀಳದಂತೆ ಅತ್ತೆ ಸೆರಗು ಚಾಚಿ ನಿಂತೇ ಇದ್ದರು.