ಏಳನೇ ಹುಟ್ಟು

ಬೆಳಂಬಾರದಲ್ಲಿ ಕಡಲಿಗೆ ತೀರಾ ಹತ್ತಿರದ ಮನೆ ಸಂಧ್ಯಾಳದು. ಗಂಡ ಮಂಗೇಶ ಮೀನಿಗೆ ಹೋಗುತ್ತಾನೆ. ಇವಳು ಹಿಂದಿನ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಾಳೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಇವಳಿಗೇ ಆದದ್ದು ಇದು. ಅಲ್ಲಿ ಇಲ್ಲಿ ಕೇಳಿದ ಮಾತಲ್ಲ... ಅವಳ ಬಾಯಿಂದಲೇ ಬಂದದ್ದು.

ಆ ದಿನ ಕತ್ತಲಾಗಿ ಒಂದು ತಾಸಾದರೂ ಕೋಣೆಯಲ್ಲಿ ಇಳಿದಿದ್ದ ಧಾರವಾಡದ ಗಂಡಹೆಂಡತಿ ದಂಡೆಯಿಂದ ಬಂದಿರಲಿಲ್ಲ. ರವಿಕಿರಣ, ವೈಜಯಂತಿ ಎಂದು ಅವರ ಹೆಸರು. ನಾಲ್ಕು ದಿನದ ರಜೆಗೆ ಬಂದವರು. ಬೆಳಿಗ್ಗೆ ಹಳೇ ಶಿಲ್ಪ, ಹಳೇ ನಾಣ್ಯ ಇಟ್ಟಲ್ಲಿಗೆಲ್ಲ ಹೋಗುವುದು, ಸಂಜೆ ಜನರಿಲ್ಲದ ದಂಡೆಯಲ್ಲಿ ಸುಮ್ಮನೆ ಕೂರುವುದು. ಊಟ ಆರುತ್ತದೆಂದು ಸಂಧ್ಯಾ ಬ್ಯಾಟರಿ ಹಿಡಿದು ಹೋಗಿ ಇಬ್ಬರನ್ನೂ ಎಬ್ಬಿಸಿಕೊಂಡು ಹೊರಟಳು.

ದಾರಿಯಲ್ಲಿ ಗಾಳಿಮರಗಳ ನಡುವೆ ಒಂದು ಹಾಳು ಬಾವಿ. ನೀರು ಉಪ್ಪಾದ ಮೇಲೆ ಯಾರೂ ಸೇದುವುದಿಲ್ಲ. ಅದರ ಹತ್ತಿರ ಬಂದಾಗ ರವಿಕಿರಣ ನಿಂತುಬಿಟ್ಟ.

"ಸರ್, ಬನ್ನಿ."

ಅವನು ಅಲುಗಲಿಲ್ಲ.

ಆಗ ಸಂಧ್ಯಾಳಿಗೂ ಕೇಳಿಸಿತು. ಚಳಕ್... ಕಿರ್‍ರ್... ಚಳಕ್... ಕಿರ್‍ರ್... ಮೀನುಗಾರರ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಆ ಸದ್ದು ಗೊತ್ತಾಗದೆ ಇರುತ್ತದೆಯೇ? ದೋಣಿಗೆ ಹುಟ್ಟು ಹಾಕುವ ಸದ್ದು. ಆದರೆ ಬರುತ್ತಿದ್ದದ್ದು ಕಡಲಿನ ಕಡೆಯಿಂದಲ್ಲ.

ಬಾವಿಯೊಳಗಿಂದ.

ವೈಜಯಂತಿ ಪಿಸುಗುಟ್ಟಿದಳು. "ಏನ್ರಿ ಅದು?"

"ಮಾತಾಡ್ಬೇಡಿ. ನಡೀರಿ" ಅಂದಳು ಸಂಧ್ಯಾ.

ಅಷ್ಟರಲ್ಲಿ ರವಿಕಿರಣ ಬಾವಿಕಟ್ಟೆಯ ಮೇಲೆ ಒಂದು ಕಾಲು ಇಟ್ಟಾಗಿತ್ತು. ಬಸ್ಸು ಹತ್ತುವವನ ಹಾಗೆ, ಏನೂ ಅವಸರವಿಲ್ಲದೆ. ಇನ್ನೊಂದು ಕಾಲನ್ನೂ ಎತ್ತಿದ. ಬ್ಯಾಟರಿ ಬಿಸಾಕಿ ಸಂಧ್ಯಾ ಅವನ ಅಂಗಿಗೆ ಕೈ ಹಾಕಿದಳು. ಗುಂಡಿಗಳು ಪಟಪಟ ಕಿತ್ತುಬಂದವು. ಹೆಂಗಸರಿಬ್ಬರೂ ಸೇರಿ ಎಳೆದ ರಭಸಕ್ಕೆ ಮೂವರೂ ಮರಳಿನ ಮೇಲೆ ಬಿದ್ದರು.

"ಕರೀಲಿಕತ್ತಾರ..." ಅಂದ ಅವನು ಮೆಲ್ಲಗೆ. "ಒಬ್ಬ ಕಮ್ಮಿ ಬಿದ್ದಾನಂತ."

ಮನೆ ಮುಟ್ಟುವವರೆಗೆ ಇಬ್ಬರೂ ಅವನ ರಟ್ಟೆ ಬಿಡಲಿಲ್ಲ.

ಅತ್ತೆ ಕಾಶಿ ಅವನ ಮುಖ ನೋಡಿದವಳೇ ಬಾಗಿಲು ಹಾಕಿ ಅಗಳಿ ಜಡಿದಳು. "ಇವತ್ತು ಎಲ್ಲಿಗೆ ಹೋಗಿದ್ರಿ? ಎಂತ ಮುಟ್ಟಿದ್ರಿ?"

ವೈಜಯಂತಿ ಹೇಳಿದಳು. ಬಿಣಗಾ ದಾಟಿದ ಮೇಲೆ ನಿವೃತ್ತ ಮಾಸ್ತರರೊಬ್ಬರು ಹಳೇ ಕಲ್ಲುಗಳನ್ನೆಲ್ಲ ಕೂಡಿಸಿ ಸಣ್ಣ ಸಂಗ್ರಹಾಲಯ ಮಾಡಿದ್ದಾರೆ. ಅಲ್ಲೊಂದು ವೀರಗಲ್ಲು. ಅದರಲ್ಲಿ ದೋಣಿ ಕೆತ್ತಿದ್ದಾರೆ, ಹುಟ್ಟು ಹಾಕುವ ಜನರನ್ನು ಕೆತ್ತಿದ್ದಾರೆ. "ಇವರು ಎಣಿಸಿದ್ರು. ಹುಟ್ಟು ಏಳು, ಮಂದಿ ಆರ. ಏಳನೇದರ ಮ್ಯಾಲೆ ಕೈ ಇಟ್ಟು, ಇದನ್ನ ನಾ ಹಿಡೀತೇನಿ, ನನ್ನೂ ಕರಕೊಂಡು ಹೋಗ್ರಿ ಅಂತ ನಕ್ಕರು. ಚ್ಯಾಷ್ಟಿಗೆ, ಅವ್ವಾ... ಬರೇ ಚ್ಯಾಷ್ಟಿಗೆ."

ಕಾಶಿ ಹಣೆ ಬಡಿದುಕೊಂಡಳು. "ಬರ್ತೆ ಅಂದ್ಬಿಟ್ನಲ್ಲ. ಇನ್ನು ಯಾರು ಕರೆದ್ರೂ ಓ ಅನ್ನೂಕಾಗ. ಯಾರ ದನಿಯಾದ್ರೂ ಸೈ."

ಊಟ ಯಾರಿಗೂ ಬೇಡವಾಯಿತು. ಸ್ವಲ್ಪ ಹೊತ್ತಿಗೆ ಗಾಳಿ ನಿಂತಿತು. ತೆಂಗಿನ ಗರಿಯ ಸದ್ದೂ ಇಲ್ಲ.

ಚಳಕ್... ಕಿರ್‍ರ್...

ಅಂಗಳದಲ್ಲಿ. ಒಣ ಮರಳಿನ ಅಂಗಳ, ಹನಿ ನೀರಿಲ್ಲ. ಸದ್ದು ಮನೆಗೆ ಒಂದು ಸುತ್ತು ಬಂತು. ಅಡುಗೆಮನೆ, ಹಿಂದಿನ ಕೋಣೆ, ಕಿಟಕಿ... ಬಾಗಿಲ ಮುಂದೆ ಬಂದು ನಿಂತಿತು. ಆಮೇಲೆ ಹೊರಗಿನಿಂದ ಒಂದು ದನಿ.

"ಏನ್ರಿ... ಬರ್ರಿ, ಹೊತ್ತಾತು."

ವೈಜಯಂತಿಯದೇ ದನಿ. ಆ ವೈಜಯಂತಿಯೋ ಒಳಗೆ ಸಂಧ್ಯಾಳ ಮಗ್ಗುಲಲ್ಲೇ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು.

ರವಿಕಿರಣ ಎದ್ದ. ತಡೆಯಲು ಹೋದ ಹೆಂಡತಿಯನ್ನು ನೂಕಿ ಅಗಳಿಗೆ ಕೈ ಹಾಕಿದ. ಸಂಧ್ಯಾ ಹಾರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹಲಗೆ ಐಸಿನಂತೆ ತಣ್ಣಗಿತ್ತು. ಅವನು ಅವಳ ಭುಜ ಹಿಡಿದು ಎಳೆಯತೊಡಗಿದ. ಗಂಡಸಿನ ಬಲ... ಇನ್ನೊಂದು ಗಳಿಗೆ ಕಳೆದರೆ ಬಾಗಿಲು ತೆರೆಯುತ್ತದೆ. ಹೆದರಿಕೆಗೋ ಸಿಟ್ಟಿಗೋ, ಅತ್ತೆ ಹೇಳಿದ್ದು ಮರೆತೇಹೋಗಿ ಅವಳು ಕಿರುಚಿದಳು.

"ಈ ಬಾಗ್ಲಿಂದ ಯಾರೂ ಬರೂದಿಲ್ಲ! ಬೇರೆ ಯಾರನ್ನಾದ್ರೂ ನೋಡ್ಕಳಿ, ಹೋಗಿ!"

ಸದ್ದು ನಿಂತಿತು.

ರವಿಕಿರಣ ಅಲ್ಲೇ ಕುಸಿದು, "ನೀರು ಕೊಡ್ರಿ" ಅಂದ. ಅವನದೇ ದನಿ, ಅವನದೇ ಕಣ್ಣು. ವೈಜಯಂತಿ ಅವನನ್ನು ತಬ್ಬಿಕೊಂಡು ಅಳತೊಡಗಿದಳು. ಹೊರಗೆ ಮತ್ತೆ ಚಳಕ್... ಕಿರ್‍ರ್... ಆದರೆ ಈಗ ದೂರ ದೂರ. ಗಾಳಿಮರ ದಾಟಿತು. ದಂಡೆ ದಾಟಿತು. ಕಡಲಿಗಿಳಿದು ಪಡುವಣಕ್ಕೆ ಹೋಯಿತು.

ಸಂಧ್ಯಾ ನಿಟ್ಟುಸಿರು ಬಿಟ್ಟು ತಿರುಗಿ ನೋಡಿದರೆ ಕಾಶಿಯ ಮುಖ ಬಿಳಚಿಕೊಂಡಿತ್ತು.

"ಎಂತ ಅಂದ್ಬಿಟ್ಟೆ ನೀನು..."

"ಎಂತ ಆಯ್ತು ಅತ್ತೆ?"

"ಬೇರೆ ಯಾರನ್ನಾದ್ರೂ ಅಂದ್ಯಲ್ಲೆ. ಮಂಗೇಶ ಎಲ್ಲಿದ್ದ ಈಗ?"

ಮಂಗೇಶ ಕಡಲಲ್ಲಿದ್ದ. ತಮ್ಮ ಸಂದೇಶನ ಜೊತೆ ಮಧ್ಯಾಹ್ನವೇ ದೋಣಿ ಇಳಿಸಿಕೊಂಡು ಹೋದವನು.

ಸಂಧ್ಯಾ ಫೋನು ಮಾಡಿದಳು. ಹತ್ತಲಿಲ್ಲ. ಮತ್ತೆ ಮಾಡಿದಳು. ಅವಳೇ ಹೇಳುತ್ತಾಳೆ, ಆ ರಾತ್ರಿ ಎಷ್ಟು ಸಲ ಮಾಡಿದೆ ಎಂದು ಲೆಕ್ಕವಿಲ್ಲ, ಊರ ದೇವರಿಗೆಲ್ಲ ಏನೇನು ಹೇಳಿಕೊಂಡೆ ಎಂದು ನೆನಪೂ ಇಲ್ಲ. ಪರರ ಗಂಡನನ್ನು ಉಳಿಸಲು ಹೋಗಿ ನನ್ನ ಗಂಡನ ದಾರಿ ತೋರಿಸಿಕೊಟ್ಟೆನಲ್ಲ ಎಂಬುದೊಂದೇ ತಲೆಯಲ್ಲಿ. ಬೆಳಕು ಹರಿಯುವ ಮೊದಲೇ ದಂಡೆಗೆ ಓಡಿದಳು.

ಏಳು ಗಂಟೆಗೆ ದೋಣಿ ಬಂತು. ಇಂಜಿನ್ನಿನ ಡಗಡಗ ಕೇಳಿದ್ದೇ ಅವಳು ದೋಣಿಯೊಳಗಿನ ತಲೆ ಎಣಿಸಿದಳು. ಇಬ್ಬರೂ ಇದ್ದರು. ಮಂಗೇಶ ಜೀವಂತ ಇದ್ದ. ಸೊಂಟದವರೆಗೆ ನೀರಿಗಿಳಿದು ಹೋಗಿ ಅವನನ್ನು ಹಿಡಿದುಕೊಂಡಳು.

"ಎಂತಕ್ಕೆ ಅಳ್ತೆ? ಎಂತ ಆಗಿದೆ?" ಅಂದ ಅವನು.

ಸಂದೇಶ ಹೇಳಿದ್ದಿಷ್ಟು. "ಅತ್ಗೆ, ಅಣ್ಣ ಬಲೆ ಬಿಟ್ಟು ಮಲಗಿದವ ಬೆಳಗಿನವರೆಗೂ ಏಳ್ಲೇ ಇಲ್ಲ. ಎರಡು ಸಲ ಅಲುಗಾಡಿಸ್ದೆ. ಸತ್ತವರಂಗೆ ನಿದ್ದೆ."

ಧಾರವಾಡದವರು ಆ ದಿನವೇ ಸಾಮಾನು ಕಟ್ಟಿ ಹೊರಟುಹೋದರು. ಮಂಗೇಶ ಈಗಲೂ ಮೀನಿಗೆ ಹೋಗುತ್ತಾನೆ, ಚೆನ್ನಾಗಿಯೇ ಇದ್ದಾನೆ. ಇದರಲ್ಲಿ ಒಂದು ಅಕ್ಷರವೂ ಕಟ್ಟಿ ಹೇಳಿದ್ದಲ್ಲ. ಆ ಬೆಳಿಗ್ಗೆ ದಂಡೆಯಲ್ಲಿದ್ದವರೆಲ್ಲ ಕಣ್ಣಾರೆ ನೋಡಿದ್ದಾರೆ. ಹುಟ್ಟು ಹಾಕಬೇಕಿಲ್ಲದ ಇಂಜಿನ್ ದೋಣಿಯಲ್ಲಿ ರಾತ್ರಿಯಿಡೀ ಮಲಗಿದ್ದವನ ಎರಡೂ ಅಂಗೈಯ ಚರ್ಮ ಗುಳ್ಳೆಯೆದ್ದು, ಒಡೆದು, ಸುಲಿದುಹೋಗಿತ್ತು. ಎಂಟು ದಿನ ಅವನಿಗೆ ಸಂಧ್ಯಾಳೇ ಅನ್ನ ಕಲಸಿ ಬಾಯಿಗಿಡಬೇಕಾಯಿತು.